ಅಕ್ಷರ ಕಾಣುತ್ತದೆ, ಓದು ಒಲಿಯದು

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ತಂದೆಯ ಬೆನ್ನು ಹತ್ತಿ ಬರುವ ಹತ್ತು ವರ್ಷದ ಹುಡುಗನೊಬ್ಬನನ್ನು ಊಹಿಸಿಕೊಳ್ಳಿ. ಗೂಡಿನ ರಾಶಿಯಲ್ಲಿ ಕೈಯಾಡಿಸಿ, ಗಟ್ಟಿಯಾದುದು ಯಾವುದು, ತೆಳುವಾದುದು ಯಾವುದು, ಕಲೆ ಬಿದ್ದುದು ಯಾವುದು ಎಂಬುದನ್ನು ಅವನು ಕ್ಷಣಮಾತ್ರದಲ್ಲಿ ಹೇಳಬಲ್ಲ. ಅಂದಿನ ಧಾರಣೆಗೆ ಎಷ್ಟು ತೂಕಕ್ಕೆ ಎಷ್ಟು ಹಣ ಬರುವುದೆಂಬ ಲೆಕ್ಕವೂ ಅವನಿಗೆ ಬಾಯಿಪಾಠ. ಆದರೆ ಅದೇ ಹುಡುಗನ ಕೈಗೆ ಕನ್ನಡದ ಪಾಠಪುಸ್ತಕವನ್ನು ಕೊಟ್ಟು ‘ಓದಪ್ಪ’ ಎಂದರೆ ಮುಖ ಬಾಡುತ್ತದೆ. ‘ಮರ’ ಎಂಬುದು ‘ವರ’ವಾಗುತ್ತದೆ, ‘ಸರ’ ಎಂಬುದು ‘ನರ’ವಾಗುತ್ತದೆ, ‘ಕತ್ತೆ’ಯ ಕೆಳಗಿನ ಒತ್ತು ಎಲ್ಲಿಯೋ ಮಾಯವಾಗುತ್ತದೆ. ಒಂದು ಸಾಲು ಮುಗಿಯುವುದರೊಳಗೆ ಕಣ್ಣು ಜಾರಿ ಮತ್ತೊಂದು ಸಾಲಿಗೆ ಇಳಿದಿರುತ್ತದೆ.

ಉಪಾಧ್ಯಾಯರು ‘ಹುಡುಗನಿಗೆ ಗಮನವಿಲ್ಲ’ ಎನ್ನುತ್ತಾರೆ. ತಂದೆ ‘ಸೋಮಾರಿ’ ಎನ್ನುತ್ತಾನೆ. ಅಜ್ಜಿ ‘ಯಾರದೋ ಕಣ್ಣು ತಾಗಿದೆ’ ಎಂದು ದೃಷ್ಟಿ ತೆಗೆಯುತ್ತಾಳೆ. ಕಡೆಗೆ ಹುಡುಗ ತಾನೇ ‘ನಾನು ದಡ್ಡ’ ಎಂದು ತೀರ್ಮಾನಿಸಿಕೊಳ್ಳುತ್ತಾನೆ. ಮೊದಲ ಮೂರು ತೀರ್ಪುಗಳಿಗಿಂತ ಕೊನೆಯದೇ ಹೆಚ್ಚು ಅಪಾಯಕರವಾದುದು. ಅದೊಮ್ಮೆ ಮನಸ್ಸಿನಲ್ಲಿ ಬೇರು ಬಿಟ್ಟಿತೆಂದರೆ ಶಾಲೆಯ ಬಾಗಿಲು ಹೊರಗಿನಿಂದ ಮುಚ್ಚಬೇಕಾದುದಿಲ್ಲ. ಹುಡುಗನೇ ಒಳಗಿನಿಂದ ಎದ್ದು ಹೊರಟುಬಿಡುತ್ತಾನೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳು 2007ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯಾದವು. ಈ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂಬ ಹೆಸರಿಡಲು 2025ರಲ್ಲಿ ರಾಜ್ಯದ ಸಚಿವ ಸಂಪುಟ ನಿರ್ಧರಿಸಿತು. 2007ರ ಕೊನೆಯಲ್ಲಿಯೇ ಅಮೀರ್ ಖಾನರ ‘ತಾರೆ ಜಮೀನ್ ಪರ್’ ಎಂಬ ಹಿಂದಿ ಚಿತ್ರ ತೆರೆಕಂಡು, ‘ಡಿಸ್ಲೆಕ್ಸಿಯಾ’ ಎಂಬ ಅಪರಿಚಿತ ಶಬ್ದವನ್ನು ಮನೆಮನೆಗೂ ತಂದಿತು. ಚಿತ್ರದ ಬಾಲಕನಿಗೆ ಅವನನ್ನು ಅರಿತ ಉಪಾಧ್ಯಾಯರೊಬ್ಬರು ದೊರೆತರು. ಹಿಪ್ಪುನೇರಳೆ ತೋಟದ ನಡುವಣ ಹಳ್ಳಿಯ ಬಾಲಕನನ್ನು ಅರಿಯುವವರು ಯಾರು? ಅರಿತ ಮೇಲೆ ಅವನ ಮನೆಯವರೆಗೆ ನಡೆದುಹೋಗುವವರು ಯಾರು?

ಒಂದು ಹಳೆಯ ಕಥೆ

ಓದಲಾರದ ಜಾಣನ ಕಥೆ ಹೊಸದೇನೂ ಅಲ್ಲ. 1896ರಲ್ಲಿ ಇಂಗ್ಲೆಂಡಿನ ಸೀಫರ್ಡ್ ಎಂಬ ಊರಿನ ವೈದ್ಯ ಪ್ರಿಂಗಲ್ ಮಾರ್ಗನ್ ಎಂಬಾತ, ಪರ್ಸಿ ಎಂಬ 14 ವರ್ಷದ ಹುಡುಗನ ಸಂಗತಿಯನ್ನು ಅಲ್ಲಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ. ಹುಡುಗ ಚುರುಕಾದವನು, ಆಟದಲ್ಲಿ ಯಾರಿಗೂ ಕಡಿಮೆಯಲ್ಲ, ಗಣಿತವೆಂದರೆ ಅವನಿಗೆ ಪ್ರೀತಿ. ಕಣ್ಣಿನಲ್ಲಿಯೂ ದೋಷವಿಲ್ಲ. ಆದರೆ ತನ್ನ ಹೆಸರನ್ನು ಬರೆಯುವಾಗಲೇ ಅವನು ಅಕ್ಷರಗಳನ್ನು ಹಿಂದುಮುಂದಾಗಿಸುತ್ತಿದ್ದ. ಪಾಠಗಳೆಲ್ಲ ಬಾಯಿಮಾತಿನಲ್ಲಿಯೇ ನಡೆಯುವಂತಿದ್ದರೆ ಶಾಲೆಯಲ್ಲಿ ಇವನೇ ಎಲ್ಲರಿಗಿಂತ ಜಾಣನೆನಿಸುತ್ತಿದ್ದನೆಂಬುದು ಅವನ ಉಪಾಧ್ಯಾಯರ ಅಭಿಪ್ರಾಯವಾಗಿತ್ತು.

ಇದಕ್ಕೆ ‘ಶಬ್ದಾಂಧತೆ’ ಎಂಬ ಅರ್ಥದ ಹೆಸರು ಅದಾಗಲೇ ಬಳಕೆಯಲ್ಲಿತ್ತು. ‘ಡಿಸ್ಲೆಕ್ಸಿಯಾ’ ಎಂಬ ಶಬ್ದವನ್ನು 1887ರಲ್ಲಿ ಬಳಕೆಗೆ ತಂದವನು ರುಡಾಲ್ಫ್ ಬರ್ಲಿನ್ ಎಂಬ ಜರ್ಮನ್ ನೇತ್ರವೈದ್ಯ. 1917ರಲ್ಲಿ ಈ ವಿಷಯವಾಗಿ ಗ್ರಂಥವನ್ನೇ ಬರೆದ ಗ್ಲಾಸ್ಗೋ ನಗರದ ಜೇಮ್ಸ್ ಹಿನ್ಷೆಲ್‌ವುಡ್ ಸಹ ನೇತ್ರವೈದ್ಯನೇ. ಓದಲಾರದ ಮಕ್ಕಳನ್ನು ತಾಯ್ತಂದೆಗಳು ಮೊದಲು ಕರೆದೊಯ್ಯುತ್ತಿದ್ದುದು ಕಣ್ಣಿನ ವೈದ್ಯರ ಬಳಿಗೆ. ಹೀಗಾಗಿ ಈ ತೊಡಕು ಕಣ್ಣಿನದೇ ಎಂಬ ಭಾವನೆ ಬಹುಕಾಲ ಉಳಿದುಬಂದಿತು.

ಕಣ್ಣು ಬೇರೆ, ಗ್ರಹಿಕೆ ಬೇರೆ

ಇಲ್ಲಿ ಮೂರು ಸಂಗತಿಗಳನ್ನು ಬೇರೆ ಬೇರೆಯಾಗಿ ತಿಳಿಯುವುದು ಅವಶ್ಯಕ. ಮೊದಲನೆಯದು ದೃಷ್ಟಿದೋಷ. ಕರಿಹಲಗೆಯ ಮೇಲಿನ ಬರಹ ಮಸುಕಾಗಿ ಕಾಣುವ ಮಗುವಿಗೆ ಕನ್ನಡಕ ಬೇಕು. ಅದು ದೊರೆತರೆ ಸಮಸ್ಯೆ ತೀರಿತು. ಎರಡನೆಯದು ದೃಷ್ಟಿಗ್ರಹಿಕೆಯ ತೊಡಕು. ಕಣ್ಣು ಕಂಡುದನ್ನು ಮಿದುಳು ವಿಂಗಡಿಸಿಕೊಳ್ಳಬೇಕಷ್ಟೆ? ಆಕಾರ ಯಾವುದು, ಅದರ ದಿಕ್ಕು ಯಾವುದು, ಯಾವುದರ ಪಕ್ಕದಲ್ಲಿ ಯಾವುದಿದೆ ಎಂಬುದನ್ನು ನೆನಪಿನಲ್ಲಿಡಬೇಕಷ್ಟೆ? ಆ ವಿಂಗಡಣೆಯಲ್ಲಿ ಏರುಪೇರಾದರೆ ಕನ್ನಡಕದಿಂದ ಪ್ರಯೋಜನವಿಲ್ಲ. ಮೂರನೆಯದು ಧ್ವನಿಗೂ ಅಕ್ಷರಕ್ಕೂ ಗಂಟು ಬೀಳದಿರುವುದು. ಆಕಾರ ಕಾಣುತ್ತದೆ, ಪರಿಚಿತವೆಂದೂ ತೋರುತ್ತದೆ. ಆದರೆ ಅದರ ಧ್ವನಿ ನಾಲಿಗೆಗೆ ಬಾರದು.

ಬಹುಮಟ್ಟಿನ ಮಕ್ಕಳಲ್ಲಿ ಮೂಲ ತೊಡಕು ಈ ಮೂರನೆಯದೆಂದು 1970ರ ದಶಕದಿಂದೀಚೆಗಿನ ಸಂಶೋಧನೆಗಳು ತೋರಿಸಿಕೊಟ್ಟಿವೆ. ಅಮೆರಿಕದ ಮನೋವಿಜ್ಞಾನಿ ಫ್ರಾಂಕ್ ವೆಲುಟಿನೊ ಆ ದಶಕದಲ್ಲಿ ಒಂದು ಸೊಗಸಾದ ಪ್ರಯೋಗ ನಡೆಸಿದ. ಹೀಬ್ರೂ ಭಾಷೆಯ ಗಂಧವೇ ಇಲ್ಲದ ಮಕ್ಕಳಿಗೆ ಹೀಬ್ರೂ ಅಕ್ಷರಗಳನ್ನು ತೋರಿಸಿ, ಅವನ್ನು ನೆನಪಿನಿಂದ ಬರೆಯಿರೆಂದು ಹೇಳಿದ. ಓದಿನಲ್ಲಿ ಹಿಂದುಳಿದವರೂ ಚೆನ್ನಾಗಿ ಓದುವವರಷ್ಟೇ ಸರಿಯಾಗಿ ಬರೆದರು! ಆಕಾರವನ್ನು ಗ್ರಹಿಸುವುದರಲ್ಲಿ ಅವರು ಸೋಲಲಿಲ್ಲ. ಆಕಾರಕ್ಕೆ ಧ್ವನಿಯನ್ನು ಜೋಡಿಸುವಲ್ಲಿ ಸೋಲುತ್ತಿದ್ದರು.

ಕನ್ನಡದ ಅಕ್ಷರಮಾಲೆ

ಹಾಗಾದರೆ ದೃಷ್ಟಿಗ್ರಹಿಕೆಯ ಮಾತನ್ನು ಬಿಟ್ಟುಬಿಡಬಹುದೆ? ಕನ್ನಡದ ಮಟ್ಟಿಗೆ ಹಾಗೆ ಹೇಳಲಾಗದು. ಇಂಗ್ಲಿಷಿನ ಮಗುವಿಗೆ 26 ಅಕ್ಷರಗಳು. ಕನ್ನಡದ ಮಗುವಿಗೆ 49 ಮೂಲಾಕ್ಷರಗಳು. 34 ವ್ಯಂಜನಗಳಿಗೆ ಕಾಗುಣಿತ ಹತ್ತಿದರೆ ರೂಪಗಳ ಸಂಖ್ಯೆ 400ನ್ನು ಮೀರುತ್ತದೆ. ಅದರ ಮೇಲೆ ಒತ್ತಕ್ಷರಗಳ ದಂಡು. ‘ದ’ಕಾರಕ್ಕೂ ‘ಧ’ಕಾರಕ್ಕೂ ನಡುವೆ ಇರುವುದು ಒಂದು ಸಣ್ಣ ಸೀಳು. ‘ಪ’ಕಾರಕ್ಕೂ ‘ಷ’ಕಾರಕ್ಕೂ ನಡುವೆ ಒಂದು ಗೆರೆ. ‘ವ’ಕಾರಕ್ಕೆ ಒಂದು ಕೊಂಡಿ ಸೇರಿದರೆ ‘ಮ’ಕಾರ.

ಇಷ್ಟೇ ಅಲ್ಲ. ಗುಡಿಸು ಅಕ್ಷರದ ನೆತ್ತಿಯ ಮೇಲೆ, ಕೊಂಬು ಬಲಕ್ಕೆ, ಒತ್ತು ಕೆಳಕ್ಕೆ. ‘ಸೂರ್ಯ’ ಎಂದು ಬರೆಯುವಾಗ ಅರ್ಕಾವೊತ್ತು ‘ಯ’ಕಾರದ ಮುಂದೆ ಬಂದು ಕೂರುತ್ತದೆ; ಉಚ್ಚರಿಸುವಾಗ ಅದಕ್ಕಿಂತ ಮೊದಲೇ ಕೇಳಿಬರುತ್ತದೆ. ಬಲ್ಲವರಿಗೆ ಇದೆಲ್ಲ ಸಹಜ. ಆದರೆ ಕಣ್ಣಿನ ಕ್ರಮಕ್ಕೂ ಕಿವಿಯ ಕ್ರಮಕ್ಕೂ ಹೊಂದಿಕೆ ಕಾಣದ ಮಗುವಿಗೆ ಇದು ದಾರಿ ತಪ್ಪಿಸುವ ಕಾಡು.

ಈ ವಿಚಾರದಲ್ಲಿ ಕನ್ನಡಕ್ಕೆ ಸಂಬಂಧಿಸಿದ ಸಂಶೋಧನೆಯೇ ಇರುವುದು ಸಂತೋಷದ ಸಂಗತಿ. ಬೆಂಗಳೂರಿನ ಪ್ರಾಮಿಸ್ ಫೌಂಡೇಷನ್ನಿನ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಕನ್ನಡದ ಅಕ್ಷರಗಳೆಲ್ಲವೂ ಕೈವಶವಾಗಲು ಸಾಮಾನ್ಯ ಮಕ್ಕಳಿಗೂ ನಾಲ್ಕನೆಯ ತರಗತಿಯವರೆಗೆ, ಅದರಾಚೆಗೂ ಕಾಲ ಬೇಕಾಗುವುದೆಂದು ತೋರಿಸಿತು. 2014ರಲ್ಲಿ ಅವರು ಇತರ ವಿದ್ವಾಂಸರೊಡನೆ ಸೇರಿ 4ರಿಂದ 7 ವರ್ಷದ 113 ಮಕ್ಕಳನ್ನು ಪರೀಕ್ಷಿಸಿದಾಗ, ಅಕ್ಷರ ಕಲಿಯುವುದಕ್ಕೆ ಧ್ವನಿಯ ಅರಿವು, ಶಬ್ದಸಂಪತ್ತು ಇವುಗಳ ಜೊತೆಗೆ ದೃಷ್ಟಿಗ್ರಹಿಕೆಯ ಸಾಮರ್ಥ್ಯವೂ ಸಲ್ಲುತ್ತದೆಂದು ಕಂಡುಬಂದಿತು.

ಇದರಿಂದ ಎರಡು ಪಾಠಗಳು ದೊರೆಯುತ್ತವೆ. ಎರಡನೆಯ ತರಗತಿಯ ಮಗು ತಡವರಿಸಿತೆಂದು ಒಡನೆಯೇ ಅದಕ್ಕೆ ರೋಗದ ಹೆಸರಿಡಬಾರದು. ಅಂತೆಯೇ ನಾಲ್ಕನೆಯ ತರಗತಿ ದಾಟಿದ ಮೇಲೂ ತಡವರಿಸುವ ಮಗುವನ್ನು ‘ತಾನೇ ಸರಿಹೋದೀತು’ ಎಂದು ಕೈಬಿಡಲೂ ಬಾರದು. ಈ ಎರಡರ ನಡುವೆ ವಿವೇಚಿಸಬೇಕಾದರೆ ಮಗುವಿನ ಪುಸ್ತಕವನ್ನು ನೋಡಿದರೆ ಸಾಲದು, ಮನೆಯನ್ನೂ ನೋಡಬೇಕು.

ಮನೆಗೂ ಶಾಲೆಗೂ ನಡುವೆ

ಶಾಲಾ ಸಮಾಜಕಾರ್ಯಕರ್ತೆಯ ಕೆಲಸ ಆರಂಭವಾಗುವುದು ಇಲ್ಲಿಂದ. ಈ ವೃತ್ತಿಗೆ ನೂರು ವರ್ಷಕ್ಕೂ ಮಿಕ್ಕ ಇತಿಹಾಸವುಂಟು. 1906–07ರಲ್ಲಿ ಅಮೆರಿಕದ ಬಾಸ್ಟನ್, ನ್ಯೂಯಾರ್ಕ್, ಹಾರ್ಟ್‌ಫರ್ಡ್ ನಗರಗಳಲ್ಲಿ ಇವರನ್ನು ‘ಮನೆಗೆ ಬರುವ ಶಿಕ್ಷಕಿ’ ಎಂಬರ್ಥದಲ್ಲಿ ಕರೆಯುತ್ತಿದ್ದರು. ಭಾರತದಲ್ಲಿ 1936ರಲ್ಲಿ ಮುಂಬಯಿಯ ಟಾಟಾ ಸಂಸ್ಥೆಯೂ, ಕರ್ನಾಟಕದಲ್ಲಿ 1960ರಲ್ಲಿ ಮಂಗಳೂರಿನ ರೋಶನಿ ನಿಲಯವೂ ಸಮಾಜಕಾರ್ಯದ ಶಿಕ್ಷಣಕ್ಕೆ ನೆಲೆಯಾದವು.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಈ ಹೊಣೆಯ ಬಹುಭಾಗವನ್ನು ಹೊರುತ್ತಿರುವವರು ಬಿ.ಐ.ಇ.ಆರ್.ಟಿ. ಎಂದು ಕರೆಯಲ್ಪಡುವ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು. ಇವರ ನೆಲೆ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರ. ನಡೆಯಲಾರದ ಮಗು, ಕೇಳಲಾರದ ಮಗು, ಮನೆಯಲ್ಲಿಯೇ ಪಾಠ ಹೇಳಿಸಿಕೊಳ್ಳಬೇಕಾದ ಮಗು, ಎಲ್ಲರ ಭಾರವೂ ಇವರ ಮೇಲೆಯೇ. ನಡೆಯಲಾರದ ಮಗು ಎಲ್ಲರ ಕಣ್ಣಿಗೂ ಬೀಳುತ್ತದೆ; ಓದಲಾರದ ಮಗು ಹಿಂದಿನ ಸಾಲಿನಲ್ಲಿ ಸದ್ದಿಲ್ಲದೆ ಕುಳಿತಿರುತ್ತದೆ. ಹುಡುಕಿದರೆ ಮಾತ್ರ ಸಿಕ್ಕೀತು.

ಹುಡುಕಿ ಮನೆಗೆ ಹೋದಾಗ ಕಾಣುವುದೇನು? ಕನಕಪುರದ ಹಳ್ಳಿಯೊಂದರ ರೇಷ್ಮೆ ಬೆಳೆಗಾರರ ಮನೆಯೆಂದಿಟ್ಟುಕೊಳ್ಳೋಣ. ಹುಳು ನಾಲ್ಕನೆಯ ಜ್ವರದಿಂದ ಎದ್ದಿತೆಂದರೆ ಸೊಪ್ಪು ತಂದಷ್ಟೂ ಸಾಲದು. ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡುವವರೆಗೆ ಮನೆಮಂದಿಗೆಲ್ಲ ನಿದ್ರೆಯಿಲ್ಲ. ಆ ದಿನಗಳಲ್ಲಿ ಹುಡುಗ ಶಾಲೆಗೆ ಬರಲಿಲ್ಲವೆಂದರೆ ಆಶ್ಚರ್ಯವೇನು? ವರ್ಷದಲ್ಲಿ ಹಲವು ಬೆಳೆ. ಪ್ರತಿ ಬೆಳೆಗೂ ಕೆಲವು ದಿನಗಳ ಪಾಠ ನಷ್ಟ. ಇದು ಮಿದುಳಿನ ತೊಡಕಲ್ಲ, ಹಾಜರಿಯ ತೊಡಕು.

ರಾಮನಗರದಲ್ಲಿ ನೂಲು ಬಿಚ್ಚುವವರ, ಚನ್ನಪಟ್ಟಣದಲ್ಲಿ ಬೊಂಬೆ ಮಾಡುವವರ ಎಷ್ಟೋ ಮನೆಗಳ ಮಾತು ಉರ್ದು. ಕನ್ನಡ ಶಾಲೆಗೆ ಸೇರಿದ ಆ ಮನೆಯ ಮಗು ಅಕ್ಷರದ ಜೊತೆಗೆ ಭಾಷೆಯನ್ನೂ ಹೊಸದಾಗಿ ಕಲಿಯಬೇಕು. ಮಗುವಿಗೆ ಗೊತ್ತಿಲ್ಲದ ಶಬ್ದವನ್ನು ಓದಲಾರದೆಂದು ದೂರಿದರೆ ಅನ್ಯಾಯವಾದೀತು. ಇದೂ ಮಿದುಳಿನ ತೊಡಕಲ್ಲ. ಇಂಥವನ್ನೆಲ್ಲ ಜರಡಿ ಹಿಡಿದು ಸೋಸಿದ ಮೇಲೂ ಉಳಿಯುವ ಮಗುವಿಗೆ ಮೊದಲು ಕಣ್ಣಿನ ಪರೀಕ್ಷೆ, ಆಮೇಲೆ ಕಿವಿಯ ಪರೀಕ್ಷೆ, ಆನಂತರವೇ ಮನೋವೈಜ್ಞಾನಿಕ ಪರೀಕ್ಷೆ.

ಆಕೆಯ ಪ್ರಶ್ನೆಗಳಲ್ಲಿ ಒಂದು ಬಹಳ ಮುಖ್ಯವಾದುದು: ‘ನಿಮ್ಮ ಮನೆತನದಲ್ಲಿ ಇನ್ನಾರಿಗಾದರೂ ಓದು ಹತ್ತದೆ ಹೋಗಿತ್ತೆ?’ ಓದಿನ ಈ ತೊಡಕು ವಂಶದಲ್ಲಿ ಹರಿದುಬರುವುದುಂಟು. ಅಷ್ಟು ಹೊತ್ತೂ ಮಗನನ್ನು ಸೋಮಾರಿಯೆಂದು ಬೈಯುತ್ತಿದ್ದ ತಂದೆ ಈ ಮಾತಿಗೆ ಸುಮ್ಮನಾಗಬಹುದು. ‘ನಂಗೂ ಹಿಂಗೇ ಆಗೋದು ಮೇಡಮ್ಮೋರೆ, ಏಟಿಗೆ ಹೆದರಿ ಇಸ್ಕೂಲು ಬಿಟ್ಟೆ’ ಎಂದು ತಗ್ಗಿದ ದನಿಯಲ್ಲಿ ಹೇಳಬಹುದು. ಒಂದು ತಲೆಮಾರಿನ ಅವಮಾನ ಮತ್ತೊಂದಕ್ಕೆ ಬಳುವಳಿಯಾಗಿ ಹೋಗುತ್ತಿರುವುದು ಅಲ್ಲಿ ಬಯಲಾಗುತ್ತದೆ. ಈ ಒಂದು ಮಾತನ್ನು ಹೊರತರಲು ಯಾವ ಪರೀಕ್ಷಾ ಪತ್ರಿಕೆಗೂ ಸಾಧ್ಯವಿಲ್ಲ. ಜಗಲಿಯ ಮೇಲೆ ಕುಳಿತು ಕೇಳುವ ತಾಳ್ಮೆಯುಳ್ಳವರಿಗೆ ಮಾತ್ರ ಅದು ದೊರೆತೀತು.

ಬೊಂಬೆ ಜೋಡಿಸಿದರೆ ಓದು ಬಂದೀತೆ?

ಚನ್ನಪಟ್ಟಣದ ಅರಗಿನ ಬೊಂಬೆಗಳನ್ನು ಅರಿಯದವರಾರು? ಬಣ್ಣಬಣ್ಣದ ಬಳೆಗಳನ್ನು ಗಾತ್ರದ ಕ್ರಮದಲ್ಲಿ ಕೋಲಿಗೆ ಏರಿಸುವ ಆಟ, ಆಕಾರಕ್ಕೆ ತಕ್ಕ ಕುಳಿಯಲ್ಲಿ ಮರದ ತುಂಡನ್ನು ಕೂಡಿಸುವ ಆಟ ಎಷ್ಟೋ ಮನೆಗಳಲ್ಲಿವೆ. ಇಂಥ ಆಟಗಳಿಂದ ಆಕಾರದ ಗ್ರಹಿಕೆ ಬೆಳೆದು ಓದು ತಾನಾಗಿ ಬಂದೀತೆಂಬ ಆಶೆ 1960ರ ದಶಕದಲ್ಲಿ ಬಲವಾಗಿತ್ತು. ಮೇರಿಯಾನ್ ಫ್ರಾಸ್ಟಿಗ್ ಎಂಬ ಮಹಿಳೆ ಅಮೆರಿಕದಲ್ಲಿ ದೃಷ್ಟಿಗ್ರಹಿಕೆಯ ಪರೀಕ್ಷೆಯನ್ನೂ ತರಬೇತಿಯ ಕ್ರಮವನ್ನೂ ರೂಪಿಸಿದಳು. ಅವು ಬಹಳ ಪ್ರಸಿದ್ಧವಾದವು. ಆದರೆ ಮುಂದಿನ ಪರೀಕ್ಷೆಗಳಲ್ಲಿ ಆಶೆ ಫಲಿಸಲಿಲ್ಲ. ಮಕ್ಕಳು ಆಕಾರ ಜೋಡಿಸುವುದರಲ್ಲಿ ಜಾಣರಾದರೇ ಹೊರತು ಅದರಿಂದ ಓದು ಸುಧಾರಿಸಿದುದು ಕಾಣಲಿಲ್ಲ.

ಬೊಂಬೆಯಿಂದ ಪ್ರಯೋಜನವಿಲ್ಲವೆಂದಲ್ಲ. ಓದಲಾರದ ಹುಡುಗ ಕ್ಷಣಾರ್ಧದಲ್ಲಿ ಆಕಾರಗಳನ್ನು ಜೋಡಿಸಿದಾಗ, ‘ಇವನು ದಡ್ಡನಲ್ಲ’ ಎಂಬುದು ತಾಯಿಗೆ ಕಣ್ಣಾರೆ ಕಾಣುತ್ತದೆ. ಅದೇನು ಸಣ್ಣ ಲಾಭವೆ? ಆದರೆ ಓದು ಬರಬೇಕಾದರೆ ಅಕ್ಷರವನ್ನೇ ಕಲಿಸಬೇಕು. ಅದರ ಧ್ವನಿಯೊಡನೆ ಕೂಡಿಸಿ, ಸ್ವಲ್ಪ ಸ್ವಲ್ಪವಾಗಿ, ಮತ್ತೆ ಮತ್ತೆ ಕಲಿಸಬೇಕು. ನೋಡುತ್ತ, ಗಟ್ಟಿಯಾಗಿ ಉಚ್ಚರಿಸುತ್ತ, ಬೆರಳಿನಿಂದ ತಿದ್ದುತ್ತ ಕಲಿಸುವ ಕ್ರಮವನ್ನು ಗ್ರೇಸ್ ಫರ್ನಾಲ್ಡ್ ಮೊದಲಾದವರು ಅಮೆರಿಕದಲ್ಲಿ ಪ್ರಚಾರಕ್ಕೆ ತಂದರು. ನಮ್ಮ ನಾಡಿಗೆ ಇದು ಅಪರಿಚಿತವೆ? ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದುತ್ತಿದ್ದ ಮಕ್ಕಳನ್ನು ಮದರಾಸಿನಲ್ಲಿ ಕಂಡು ಆಂಡ್ರೂ ಬೆಲ್ ಎಂಬ ಪಾದ್ರಿ ಬೆರಗಾಗಿ, ಆ ಕ್ರಮವನ್ನು ತನ್ನ ಶಾಲೆಯಲ್ಲಿ ಅಳವಡಿಸಿ, 1797ರಲ್ಲಿ ಅದನ್ನು ಕುರಿತು ಇಂಗ್ಲೆಂಡಿನಲ್ಲಿ ಪುಸ್ತಕವನ್ನೇ ಪ್ರಕಟಿಸಿದ. ಅಜ್ಜಂದಿರ ಕಾಲದ ಮರಳಿನ ಹಲಗೆಗೆ ಇಂದಿನ ತರಗತಿಯಲ್ಲಿಯೂ ಒಂದು ಮೂಲೆಯುಂಟು.

ಮತ್ತೊಂದು ಎಚ್ಚರಿಕೆಯ ಮಾತು. ಬಣ್ಣದ ಗಾಜಿನ ಕನ್ನಡಕ, ಕಣ್ಣಿನ ವ್ಯಾಯಾಮ ಇವುಗಳಿಂದ ಓದು ಬರಿಸುವೆವೆಂದು ಹೇಳುವವರು ಪಟ್ಟಣಗಳಲ್ಲಿ ಇಲ್ಲದಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಹಾಗೂ ನೇತ್ರವೈದ್ಯರ ಸಂಘಗಳು ಸೇರಿ 2009ರಲ್ಲಿ ಹೊರಡಿಸಿದ ಹೇಳಿಕೆಯಲ್ಲಿ ಇವಕ್ಕೆ ಸಾಕಷ್ಟು ವೈಜ್ಞಾನಿಕ ಆಧಾರವಿಲ್ಲವೆಂದು ಸ್ಪಷ್ಟಪಡಿಸಿವೆ. ತಾಯ್ತಂದೆಗಳು ಹಣವನ್ನೂ, ಅದಕ್ಕಿಂತ ಬೆಲೆಯುಳ್ಳ ಕಾಲವನ್ನೂ ಕಳೆದುಕೊಳ್ಳಬಾರದು.

ಕಾನೂನಿನ ಬೆಂಬಲ

1995ರ ಅಂಗವಿಕಲರ ಕಾಯಿದೆಯಲ್ಲಿ ಇಂಥ ಮಕ್ಕಳ ಪ್ರಸ್ತಾಪವೇ ಇರಲಿಲ್ಲ. 2016ರ ಕಾಯಿದೆ 21 ಬಗೆಯ ನ್ಯೂನತೆಗಳನ್ನು ಗುರುತಿಸಿ, ಅವುಗಳಲ್ಲಿ ‘ನಿರ್ದಿಷ್ಟ ಕಲಿಕಾ ನ್ಯೂನತೆ’ಯನ್ನೂ ಸೇರಿಸಿತು. ಇಂಥ ಮಕ್ಕಳನ್ನು ಆದಷ್ಟು ಬೇಗ ಗುರುತಿಸಿ, ತಕ್ಕ ಬೋಧನಾಕ್ರಮವನ್ನು ಒದಗಿಸುವುದು ಶಿಕ್ಷಣ ಸಂಸ್ಥೆಗಳ ಕರ್ತವ್ಯವೆಂದು ಅದು ವಿಧಿಸುತ್ತದೆ. ಮಗುವನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ 2009ರ ಶಿಕ್ಷಣ ಹಕ್ಕಿನ ಕಾಯಿದೆ ನಿಷೇಧಿಸಿದೆ. ಶಾಲೆಗಳೊಡನೆ ಸಮಾಜಕಾರ್ಯಕರ್ತರ ಸಂಬಂಧವಿರಬೇಕೆಂಬ ಮಾತು 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿದೆ. ನ್ಯೂನತೆಯ ಪ್ರಮಾಣಪತ್ರ ಪಡೆದ ವಿದ್ಯಾರ್ಥಿಗೆ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಹೆಚ್ಚಿನ ಕಾಲ, ಉತ್ತರ ಬರೆಯುವ ಸಹಾಯಕ ಮೊದಲಾದ ರಿಯಾಯಿತಿಗಳುಂಟು.

ಕಾನೂನು ಇದೆ, ಅದರವರೆಗಿನ ದಾರಿಯೇ ದುರ್ಗಮ. ಮಗುವಿನ ಕಲಿಕಾ ನ್ಯೂನತೆಯನ್ನು ಅಳೆಯಲು ಕರ್ನಾಟಕದಲ್ಲಿ ಬಹುವಾಗಿ ಬಳಸುವ ಸೂಚಿಯನ್ನು ರೂಪಿಸಿದುದು ಬೆಂಗಳೂರಿನ ನಿಮ್ಹಾನ್ಸ್. ಜಿಲ್ಲೆಯ ನಾಲ್ಕು ಪಟ್ಟಣಗಳಿಂದ ಬೆಂಗಳೂರು ಸುಮಾರು 50–60 ಕಿಲೋಮೀಟರ್. ಪೇಟೆಯವರಿಗೆ ಇದು ದೂರವೇ ಅಲ್ಲ. ಆದರೆ ದಿನಗೂಲಿಯ ತಾಯಿಗೆ ಒಂದು ದಿನದ ಕೂಲಿ ಹೋಯಿತು, ಬಸ್ಸಿನ ಖರ್ಚು ಬಂದಿತು. ಹೋದ ಮೇಲೆ ಯಾವ ಕಿಟಕಿಯ ಮುಂದೆ ನಿಲ್ಲಬೇಕೆಂದು ತಿಳಿಯದು. ಪರೀಕ್ಷೆ ಒಂದೇ ದಿನಕ್ಕೆ ಮುಗಿಯುವುದೆಂಬ ಭರವಸೆಯಿಲ್ಲ. ಎರಡನೆಯ ಬಾರಿ ಹೋಗುವ ಧೈರ್ಯ ಅನೇಕರಿಗೆ ಉಳಿಯುವುದಿಲ್ಲ. ಯಾವ ಕಾಗದ ಬೇಕು, ಯಾವ ದಿನ ಹೋಗಬೇಕು ಎಂಬುದನ್ನು ಮೊದಲೇ ವಿಚಾರಿಸಿಟ್ಟು, ಅಗತ್ಯಬಿದ್ದರೆ ಜೊತೆಯಲ್ಲಿಯೇ ಬಸ್ಸು ಹತ್ತುವವರೊಬ್ಬರಿದ್ದರೆ ಆ ಮಗುವಿನ ಭವಿಷ್ಯವೇ ಬೇರೆಯಾಗುತ್ತದೆ.

ಮನೆಯಲ್ಲಿ, ತರಗತಿಯಲ್ಲಿ

ಪರೀಕ್ಷೆ, ಪ್ರಮಾಣಪತ್ರಗಳಿಗೆ ಕಾಯದೆ ನಾಳೆಯಿಂದಲೇ ಮಾಡಬಹುದಾದ ಕೆಲಸಗಳೂ ಇವೆ. ಮಗುವನ್ನು ಮುಂದಿನ ಸಾಲಿನಲ್ಲಿ ಕೂರಿಸಬಹುದು. ಓದುತ್ತಿರುವ ಸಾಲಿನ ಕೆಳಗೆ ರಟ್ಟಿನ ಪಟ್ಟಿಯೊಂದನ್ನು ಇಟ್ಟರೆ ಕಣ್ಣು ಜಾರುವುದು ತಪ್ಪುತ್ತದೆ. ಒಂದನ್ನೊಂದು ಹೋಲುವ ‘ವ’, ‘ಪ’, ‘ಮ’ ಅಕ್ಷರಗಳನ್ನು ಒಂದೇ ದಿನ ಕಲಿಸದೆ, ಒಂದು ಗಟ್ಟಿಯಾದ ಮೇಲೆ ಮತ್ತೊಂದನ್ನು ಕಲಿಸಬಹುದು. ಪಾಠವನ್ನು ದೊಡ್ಡವರು ಓದಿಹೇಳಿ, ಮಗುವಿನ ಉತ್ತರವನ್ನು ಬಾಯಿಮಾತಿನಲ್ಲಿ ಕೇಳಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಇಡೀ ತರಗತಿಯ ಎದುರಿನಲ್ಲಿ ಎದ್ದು ನಿಲ್ಲಿಸಿ ಗಟ್ಟಿಯಾಗಿ ಓದಿಸುವ ಶಿಕ್ಷೆಯಿಂದ ಮಗುವನ್ನು ಪಾರುಮಾಡಬಹುದು.

ಇದು ಹಳ್ಳಿಯ ಮಕ್ಕಳಿಗೆ ಮಾತ್ರ ಹೇಳಿದ ಮಾತಲ್ಲ. ಬೆಂಗಳೂರಿನ ಬಡಾವಣೆಗಳಲ್ಲಿ, ಹೆಚ್ಚು ಫೀಸು ತೆತ್ತು ಓದಿಸುವ ಮನೆಗಳಲ್ಲಿಯೂ ಇಂಥ ಮಕ್ಕಳುಂಟು. ಅಲ್ಲಿ ಏಟಿನ ಬದಲು ಟ್ಯೂಷನ್. ಬೈಗುಳದ ಬದಲು ಪಕ್ಕದ ಮನೆಯ ಹುಡುಗನ ಅಂಕಗಳ ಹೋಲಿಕೆ. ನೋವು ಎರಡೂ ಕಡೆ ಒಂದೇ ಬಗೆಯದು. ಪಟ್ಟಣದ ತಾಯ್ತಂದೆಗಳಿಗೆ ವೈದ್ಯರು ಹತ್ತಿರದಲ್ಲಿದ್ದಾರೆ, ವಿಚಾರಿಸುವ ಶಕ್ತಿಯಿದೆ. ಮಾಗಡಿಯ ಹಳ್ಳಿಯ ತಾಯಿಗೆ ಅವೆರಡೂ ಇಲ್ಲದಿರುವಾಗ, ಬಾಗಿಲಿಗೆ ಬಂದು ವಿಚಾರಿಸುವವರು ಆಕೆಗೆ ಅಷ್ಟೇ ಹೆಚ್ಚಾಗಿ ಬೇಕು.

ಬೇಸಗೆಯ ರಜೆ ಕಳೆದು ಶಾಲೆಗಳು ತೆರೆದಾಗ ಉಪಾಧ್ಯಾಯರ ಕೈಗೆ ಹೊಸ ಹಾಜರಿ ಪುಸ್ತಕ ಬರುತ್ತದೆ. ಹಿಂದಿನ ವರ್ಷದ ಹೆಸರುಗಳಲ್ಲಿ ಒಂದೆರಡು ಅದರಲ್ಲಿ ಕಾಣದಿರಬಹುದು. ‘ಊರು ಬಿಟ್ಟರು’, ‘ಕೆಲಸಕ್ಕೆ ಸೇರಿದನಂತೆ’ ಎಂದು ಯಾರೋ ಹೇಳುತ್ತಾರೆ. ಹೆಸರಿನ ಮೇಲೆ ಗೆರೆ ಬೀಳುತ್ತದೆ. ಆ ಗೆರೆ ಎಳೆಯುವುದಕ್ಕೆ ಮುನ್ನ ಒಬ್ಬರು ಆ ಮನೆಗೆ ಹೋಗಿ, ‘ಇವನಿಗೆ ಓದಲು ಇಷ್ಟವಿರಲಿಲ್ಲವೋ, ಓದಲು ಆಗುತ್ತಿರಲಿಲ್ಲವೋ?’ ಎಂದು ಕೇಳಿ ಬರುವಂತಾದರೆ, ನಾಲ್ಕು ತಾಲ್ಲೂಕಿನ ಎಷ್ಟೋ ಮಕ್ಕಳು ಶಾಲೆಗೆ ಮರಳಿಯಾರು.